ಕೋಳಿಗೂ ಡಾಕ್ಟ್ರಾ?

ಕಳೆದ ವಾರ ಈ ಪ್ರಶ್ನೆಯನ್ನ ಕಡಿಮೆ ಅಂದ್ರೂ ಹತ್ತು ಜನ ನನಗೆ ಕೇಳಿದ್ದಾರೆ. ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ "ನಾಳೆ ಅರ್ಧ ದಿನ ರಜೆ, ಕೋಳಿನ ಡಾಕ್ಟ್ರ ಹತ್ರ ತೋರಿಸ್ಬೇಕು" ಅಂತ ಹಾಕಿದ್ದೇ ತಪ್ಪಾಯ್ತು. ಒಬ್ಬ ಬಿರಿಯಾನಿ ಫೋಟೋ ಕಳಿಸಿದ. ಇನ್ನೊಬ್ಬ "ಮಗಾ, ಅದರ ರೇಟೇ 500. ಕೊಯ್ದು ಸಾರು ಮಾಡು, ನಾವೂ ಬರ್ತೀವಿ" ಅಂದ. ಇದೇ ಮಹಾನುಭಾವ ಹೋದ ತಿಂಗಳು ತನ್ನ ನಾಯಿಯ ಹಲ್ಲು ಕ್ಲೀನ್ ಮಾಡಿಸೋಕೆ ರಜೆ ಹಾಕಿದ್ದ. ಆಗ ಯಾರೂ ನಗಲಿಲ್ಲ.

ವಿಷಯ ಇಷ್ಟು. ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಬಾಡಿಗೆ ಮನೆ, ಹಿಂದೆ ಒಂಚೂರು ಹಿತ್ತಿಲು. ಊರಿನ ನೆನಪಿಗೆ, ಮಗಳಿಗೆ ಮನೆ ಮೊಟ್ಟೆ ಅನ್ನೋ ಆಸೆಗೆ, ನಾಲ್ಕು ಗಿರಿರಾಜ ಕೋಳಿ ಸಾಕಿದ್ದೀವಿ. ಅದರಲ್ಲಿ ಕೆಂಚಿ ಅನ್ನೋದು ಎರಡು ದಿನದಿಂದ ಮೊಟ್ಟೆ ಇಟ್ಟಿರಲಿಲ್ಲ. ಬುಧವಾರ ಸಂಜೆ ನೋಡಿದ್ರೆ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಬಾಲ ಕೆಳಗೆ ಬಿಟ್ಟು, ಪೆಂಗ್ವಿನ್ ಥರ ನೆಟ್ಟಗೆ ನಿಂತಿದೆ. ಗಳಿಗೆಗೊಮ್ಮೆ ತಿಣುಕ್ತಿದೆ. ಕಾಳು ಹಾಕಿದ್ರೆ ಕಣ್ಣೆತ್ತಿಯೂ ನೋಡ್ತಿಲ್ಲ.

ಅವ್ವನಿಗೆ ಫೋನ್ ಮಾಡಿದೆ. "ಕತ್ತು ತಿರುಚ್ತೈತಾ? ಹಿಕ್ಕೆ ಹಸಿರಾಗೈತಾ?" ಅಂತ ಕೇಳಿದಳು. ಇಲ್ಲ ಅಂದೆ. "ಹಂಗಾರೆ ಕೊಕ್ಕರೆ ರೋಗ ಅಲ್ಲ ಕಣಪ್ಪ. ಮೊಟ್ಟೆ ಸಿಕ್ಕೊಂಡೈತೆ. ಉಗುರು ಬೆಚ್ಚಗಿನ ನೀರಲ್ಲಿ ಕೂರ್ಸು. ಹೊಟ್ಟೆ ಮಾತ್ರ ಹಿಸುಕ್ಬೇಡ." ಹಿಸುಕಿದ್ರೆ ಮೊಟ್ಟೆ ಒಳಗೇ ಒಡೆದು ಸೋಂಕಾಗುತ್ತೆ, ಆಮೇಲೆ ಕೋಳಿ ಉಳಿಯೋದು ಕಷ್ಟ. ಟಬ್ಬಲ್ಲಿ 20 ನಿಮಿಷ ಕೂರಿಸಿದೆ, ಒರೆಸಿದೆ, ಹಿಂಭಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ, ಕತ್ತಲಾಗಿರೋ ರಟ್ಟಿನ ಡಬ್ಬದಲ್ಲಿ ಬೆಚ್ಚಗೆ ಬಿಟ್ಟೆ. ರಾತ್ರಿಯೆಲ್ಲ ಕಾದರೂ ಮೊಟ್ಟೆ ಬರಲಿಲ್ಲ.

ಬೆಳಿಗ್ಗೆ ಹತ್ತಿರದ ಪೆಟ್ ಕ್ಲಿನಿಕ್ಕಿಗೆ ಹೋದೆ. "ನಾವು ಕೋಳಿ ನೋಡಲ್ಲ ಸರ್" ಅಂದ್ರು. ಕೋಳಿ ನೋಡೋದನ್ನ ಕಲಿತಿಲ್ಲ ಅಂದಿದ್ರೆ ಒಪ್ಕೋತಿದ್ದೆ, ಆದ್ರೆ ಹೇಳುವಾಗ ಮುಖದಲ್ಲಿ ಅದೇ ವಾಟ್ಸಾಪಿನ ನಗು. ಕೌಂಟರಿನ ಹಿಂದೆ ಜೋಡಿಸಿಟ್ಟ ನಾಯಿ ಆಹಾರದ ಪ್ಯಾಕೆಟ್ಟುಗಳ ಮೇಲೆಲ್ಲ ಕೋಳಿಯದ್ದೇ ಚಿತ್ರ.

ಕೊನೆಗೆ ನೋಡಿದ್ದು ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರ್ ಮೇಡಂ. ಕೈಗವಸು ಹಾಕಿಕೊಂಡು ಬೆರಳಲ್ಲಿ ಪರೀಕ್ಷೆ ಮಾಡಿದ್ರು, ಕ್ಯಾಲ್ಸಿಯಂ ಕೊಟ್ರು, ನಿಧಾನಕ್ಕೆ ಮೊಟ್ಟೆ ಹೊರಗೆ ತಂದ್ರು. ಚಿಪ್ಪೇ ಗಟ್ಟಿಯಾಗಿರಲಿಲ್ಲ, ತೊಗಲಿನ ಥರ ಇತ್ತು. "ಏನ್ ಹಾಕ್ತೀರಾ ಇದಕ್ಕೆ?" ಅಂದ್ರು. "ಮಿಕ್ಕಿದ ಅನ್ನ, ಚಪಾತಿ, ಅಕ್ಕಿ ನುಚ್ಚು, ಮೇಡಂ." "ಬಿಸಿಲು?" ನಾನು ಸುಮ್ಮನಾದೆ. ಪಕ್ಕದ ಮನೆಯವರ ಕಾಟಕ್ಕೆ ಹೆಚ್ಚು ಹೊತ್ತು ಶೀಟಿನ ಕೆಳಗೆ ಗೂಡಲ್ಲೇ ಇಡ್ತಿದ್ದೆ. ಮೇಡಂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಅಸ್ಥಿಪಂಜರದಲ್ಲಿರೋದು ಸುಮಾರು 20 ಗ್ರಾಂ. ಅಂದ್ರೆ ಒಂದೊಂದು ಮೊಟ್ಟೆಗೂ ತನ್ನ ಮೂಳೆಯ ಹತ್ತನೇ ಒಂದು ಭಾಗದಷ್ಟನ್ನ ಅದು ಹೊಂದಿಸಬೇಕು. ತಿನ್ನೋದ್ರಲ್ಲಿ ಸಿಗದಿದ್ರೆ ಮೂಳೆಯಿಂದ ತೆಗೆಯುತ್ತೆ. ಅಲ್ಲೂ ಸಾಲದೆ ಹೋದ್ರೆ ಚಿಪ್ಪು ಗಟ್ಟಿಯಾಗಲ್ಲ, ಮೊಟ್ಟೆಯನ್ನ ಹೊರಗೆ ತಳ್ಳಬೇಕಾದ ಸ್ನಾಯುವಿಗೂ ಶಕ್ತಿ ಇರಲ್ಲ. ನಮ್ಮ ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡೋದು 10–15 ಮೊಟ್ಟೆ. ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿ 150ರ ಹತ್ತಿರ ಇಡುತ್ತೆ. ಫಾರಮ್ಮಿನ ಬಿಳಿ ಕೋಳಿ 300 ದಾಟುತ್ತೆ. ಇಷ್ಟು ಮೊಟ್ಟೆ ಇಡ್ತೀನಿ ಅಂತ ಕೋಳಿ ಹೊರಟಿದ್ದಲ್ಲ. ನಮಗೆ ಬೇಕು ಅಂತ ನಾವು ತಲೆಮಾರುಗಟ್ಟಲೆ ಆರಿಸಿ ಆರಿಸಿ ಹಾಗೆ ಮಾಡಿದ್ದು. ಕೆಂಚಿಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದು ನಮ್ಮ ಆಮ್ಲೆಟ್ಟು.

ಊರಲ್ಲಿ ನಮ್ಮ ಕೋಳಿಗಳು ಸುಣ್ಣ ಬಳಿದ ಗೋಡೆಯನ್ನ ಕುಕ್ಕೋವು. ಗೋಡೆ ಹಾಳಾಯ್ತು ಅಂತ ಕಲ್ಲು ಹೊಡೆದು ಓಡಿಸ್ತಿದ್ದೆ. ಈಗ ಗೊತ್ತಾಗುತ್ತೆ, ಅವು ತಮಗೆ ಬೇಕಾದ ಕ್ಯಾಲ್ಸಿಯಂ ಹುಡುಕ್ತಿದ್ವು. ತಿಪ್ಪೆ ಕೆದಕಿ ಹುಳ ಹುಪ್ಪಟೆ ತಿಂದು, ದಿನವಿಡೀ ಬಿಸಿಲಲ್ಲಿ ಓಡಾಡ್ತಿದ್ವು. ಬಿಇ ಓದಿದ ನಾನು ಆ ಬಿಸಿಲನ್ನೂ ಆ ಗೋಡೆಯನ್ನೂ ಕಿತ್ತುಕೊಂಡು, ಮಿಕ್ಕಿದ ಅನ್ನ ಕೊಟ್ಟು, "ಆರ್ಗ್ಯಾನಿಕ್ ಮೊಟ್ಟೆ" ಅಂತ ಇನ್‌ಸ್ಟಾಗ್ರಾಮಲ್ಲಿ ಫೋಟೋ ಹಾಕ್ತಿದ್ದೆ.

"ಊರಲ್ಲಿ ಯಾರು ಕೋಳಿಗೆ ಡಾಕ್ಟ್ರನ್ನ ಕರೀತಿದ್ರು?" ಅಂತ ನೀವು ಕೇಳ್ತೀರಿ. ನಿಜ, ಕರೀತಿರಲಿಲ್ಲ. ನಾನು ಸಸ್ಯಾಹಾರಿಯಲ್ಲ, ನಮ್ಮನೇಲೂ ಕೋಳಿ ಕೊಯ್ತಿದ್ವಿ. ಆದ್ರೆ ಇನ್ನು ಬದುಕಲ್ಲ ಅಂತ ಗೊತ್ತಾದ ಕೋಳಿಯನ್ನ ಅವ್ವ ಸಂಜೆವರೆಗೂ ನರಳೋಕೆ ಬಿಡ್ತಿರಲಿಲ್ಲ. ಅದಕ್ಕೂ ಒಂದು ಧೈರ್ಯ ಬೇಕು. ನಾವು ಸಿಟಿಯವರು ಡಾಕ್ಟ್ರಿಗೂ ತೋರಿಸಲ್ಲ, ಕೊಯ್ಯೋಕೂ ಕೈ ಬರಲ್ಲ. ಮೂಲೆಗೆ ಬಿಟ್ಟು ಸ್ಟ್ಯಾಂಡಪ್ ಕಾಲ್‌ಗೆ ಹೋಗ್ತೀವಿ. ಇಲ್ಲಾಂದ್ರೆ ಮನೆಯಲ್ಲಿ ಉಳಿದಿರೋ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕುಡಿಸ್ತೀವಿ. ನನಗೂ ಒಬ್ಬರು ಇದೇ ಸಲಹೆ ಕೊಟ್ರು. ಸಿಕ್ಕಿಕೊಂಡ ಮೊಟ್ಟೆಯನ್ನ ಮಾತ್ರೆ ಹೊರಗೆ ತರಲ್ಲ, ಆದ್ರೆ ಮಾತ್ರೆಯ ಅಂಶ ಮುಂದಿನ ಮೊಟ್ಟೆಗೆ ಬರುತ್ತೆ, ಅಲ್ಲಿಂದ ಮಗಳ ತಟ್ಟೆಗೆ. ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಕೋಳಿ ಸಾಕಣೆಯಲ್ಲಿ ಬಳಸಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಹಾಕಿದ್ದು ಸುಮ್ಮನೆ ಅಲ್ಲ.

ಕಾನೂನು ಬೇಕು ಅನ್ನೋರಿಗೆ ಅದೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನ ಬಿಟ್ಟು ಜೀವ ಇರೋದೆಲ್ಲ ಪ್ರಾಣಿಯೇ. ಸಾಕಿದವನು ಅದರ ಯೋಗಕ್ಷೇಮ ನೋಡ್ಕೋಬೇಕು, ಅನಗತ್ಯ ನೋವು ತಪ್ಪಿಸಬೇಕು ಅನ್ನುತ್ತೆ ಮೂರನೇ ಸೆಕ್ಷನ್. 500 ರೂಪಾಯಿಗಿಂತ ಕಡಿಮೆ ಬೆಲೆಯ ಪ್ರಾಣಿಗೆ ರಿಯಾಯಿತಿ ಅಂತ ಎಲ್ಲೂ ಬರೆದಿಲ್ಲ.

ಹಾಗಾಗಿ ನನ್ನ ಮಾತು ಸರಳ. ಟೆರೇಸಲ್ಲಿ, ಹಿತ್ತಿಲಲ್ಲಿ ಕೋಳಿ ಸಾಕೋ ಆಸೆ ಇದ್ರೆ ಗೂಡು ಆರ್ಡರ್ ಮಾಡೋಕೆ ಮುಂಚೆ ಕೋಳಿ ನೋಡೋ ಡಾಕ್ಟ್ರು ಎಲ್ಲಿದ್ದಾರೆ ಅಂತ ಹುಡುಕಿ ಇಟ್ಕೊಳ್ಳಿ. ಮೊಟ್ಟೆ ಕೋಳಿಯ ಆಹಾರ, ಕಪ್ಪೆಚಿಪ್ಪಿನ ಪುಡಿ, ಬಿಸಿಲು, ಓಡಾಡೋ ಜಾಗ ಕೊಡೋಕಾಗಲ್ಲ ಅಂದ್ರೆ ಅಂಗಡಿಯಲ್ಲಿ ಮೊಟ್ಟೆ ತಗೊಳ್ಳಿ, ಹಳ್ಳಿ ಜೀವನದ ನಾಟಕ ಬೇಡ.

ಕೆಂಚಿ ಈಗ ಮೇಯ್ತಿದೆ, ಮೊಟ್ಟೆ ಇಡ್ತಿಲ್ಲ. ಇಟ್ರೂ ಮತ್ತೆ ಸಿಕ್ಕಿಕೊಳ್ಳಬಹುದು ಅಂದಿದ್ದಾರೆ ಮೇಡಂ. "ಮತ್ತೆ ಯಾಕೆ ಇಟ್ಕೊಂಡಿದ್ದೀಯಾ?" ಅಂತ ಆ ಬಿರಿಯಾನಿ ಗೆಳೆಯ ಕೇಳಿದ. ನೂರಕ್ಕೂ ಹೆಚ್ಚು ಮೊಟ್ಟೆ ತಿಂದಿದ್ದೀನಿ ಮಗಾ, ಅದರ ಬಿಲ್ ಇನ್ನೂ ಕಟ್ಟಿಲ್ಲ ಅಂದೆ.