ಮನೆಗೆ ಅಂತರ್ಜಾಲ: ತಂತಿಯೋ, ತರಂಗವೋ?

ಶಿಕಾರಿಪುರ, ಸೊರಬ ಪಟ್ಟಣಗಳ ಸದ್ಭಕ್ತ ಗೃಹಸ್ಥರು ಈಚೆಗೆ ನಮ್ಮಲ್ಲಿ ಒಂದು ವಿಚಾರವನ್ನು ಪದೇ ಪದೇ ಪ್ರಸ್ತಾಪಿಸುತ್ತಿದ್ದಾರೆ. ಮನೆಗೆ ಅಂತರ್ಜಾಲವನ್ನು ಕೇಬಲ್ ಎಳೆಸಿ ಪಡೆಯಬೇಕೆ, ಅಥವಾ ಮಾಳಿಗೆಯ ಮೇಲೊಂದು ಪೆಟ್ಟಿಗೆ ಕೂರಿಸಿ ಟವರಿನಿಂದ ಪಡೆಯಬೇಕೆ? ಬೆಂಗಳೂರಿನ ಕಂಪನಿಗೆ ದುಡಿಯುವ ಮಗನೋ ಸೊಸೆಯೋ ತಿಂಗಳಲ್ಲಿ ಹತ್ತು ದಿನವಾದರೂ ಊರಲ್ಲಿ ಕುಳಿತು ತಮ್ಮ ಕಾಯಕ ನಡೆಸುತ್ತ ವೃದ್ಧ ತಂದೆತಾಯಿಗಳ ಬಳಿ ಇರಬಲ್ಲರೇ ಎಂಬುದು ಇದನ್ನೇ ಅವಲಂಬಿಸಿದೆ. ಆದ್ದರಿಂದ ಇದನ್ನು ಕೇವಲ ಯಂತ್ರದ ವಿಷಯವೆಂದು ನಾವು ಬಗೆಯಲಾರೆವು.

ಮೊದಲು ಹೆಸರಿನ ಭ್ರಮೆ ಕಳೆಯಬೇಕು. ‘ಏರ್‌ಫೈಬರ್’ ಎಂಬ ಸೇವೆಗಳು ನಮ್ಮ ದೇಶದ ಮಹಾನಗರಗಳಲ್ಲಿ 2023ರಲ್ಲಿ ಆರಂಭವಾದವು. ಹೆಸರಿನಲ್ಲಿ ಫೈಬರ್ ಇದ್ದರೂ ಅದು ಮನೆಯ ಬಾಗಿಲಿಗೆ ಬರುವುದಿಲ್ಲ. ಬರುವುದು ಮೊಬೈಲಿಗೆ ಬರುವಂಥ 5ಜಿ ತರಂಗವೇ. ನಿಜವಾದ ಫೈಬರ್ ಎಂದರೆ ಕೂದಲೆಳೆಯಷ್ಟು ಸಪೂರವಾದ ಗಾಜಿನ ಎಳೆ. ಅದರೊಳಗೆ ಬೆಳಕು ಹರಿಯುವುದರಿಂದ ಹೊರಗಿನ ಮಳೆ, ಮಂಜು, ತೋಟದ ಮರೆ ಅದನ್ನು ಬಾಧಿಸವು. ತರಂಗವಾದರೋ ದಟ್ಟ ಅಡಕೆ ತೋಟದ ತೊಯ್ದ ಎಲೆಗಳ ನಡುವೆ ಕ್ಷೀಣಿಸುತ್ತದೆ. ಸಂಜೆಯಾಯಿತೆಂದರೆ ಒಂದೇ ಟವರನ್ನು ಊರಿನ ಮೊಬೈಲುಗಳೂ ಹಂಚಿಕೊಳ್ಳುತ್ತವೆ.

ಹಾಗೆಂದು ತಂತಿ ನಿರಾತಂಕವಲ್ಲ. ಆಷಾಢದ ಗಾಳಿಗೆ ಕೊಂಬೆ ಮುರಿದು ಬಿದ್ದರೆ ಕಂಬದ ಮೇಲಿನ ಕೇಬಲ್ ತುಂಡಾಗುತ್ತದೆ. ರಸ್ತೆ ಅಗೆಯುವ ಜೆಸಿಬಿಗೆ ನೆಲದೊಳಗಿನದೂ ಸಿಗುತ್ತದೆ. ತುಂಡಾದ ಎಳೆಯನ್ನು ಬೆಸೆಯಲು ಪ್ರತ್ಯೇಕ ಯಂತ್ರವೂ ಅದನ್ನು ಬಲ್ಲವನೂ ಬರಬೇಕು. ಅವನು ಎಷ್ಟು ದಿನಕ್ಕೆ ಬರುತ್ತಾನೆಂಬುದನ್ನು ಮಾರಲು ಬಂದವನನ್ನಲ್ಲ, ಪಕ್ಕದ ಮನೆಯವರನ್ನು ಕೇಳಿರಿ.

ಹಿಂದಿನ ತಾಮ್ರದ ತಂತಿಯ ದೂರವಾಣಿಗೆ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಗಂಟೆ ಬಾರಿಸುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ಸೀಮೆಯಲ್ಲಿ, ಎರಡರಲ್ಲಿ ಯಾವುದನ್ನು ಹಾಕಿಸಿದರೂ ಪೆಟ್ಟಿಗೆಗೊಂದು ಬ್ಯಾಟರಿ ಬೇಕೇ ಬೇಕು.

ಪಟ್ಟಣದ ಬೀದಿಯಲ್ಲಿ ಫೈಬರ್ ಮನೆಯ ಮುಂದೆಯೇ ಹಾದುಹೋಗಿದ್ದರೆ ಅದನ್ನೇ ಹಾಕಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಪ್ರಭುದೇವರ ಬಳ್ಳಿಗಾವಿ, ಅಕ್ಕನ ಉಡುತಡಿ, ಸೊರಬದ ಆನವಟ್ಟಿ, ಇಂಥ ಕಡೆಗಳ ಒಂಟಿ ತೋಟದ ಮನೆಗೆ ಕೇಬಲ್ ಎಳೆಯಲು ಯಾರೂ ಒಪ್ಪದಿದ್ದಲ್ಲಿ, 5ಜಿ ಟವರು ಸಮೀಪವಿದ್ದರೆ ತರಂಗವೇ ಸರಿ. ಬಾಡಿಗೆ ಮನೆಯವರಿಗೂ ಅದು ಅನುಕೂಲ. ಆದರೆ ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಡಿರಿ. ಒಂದು ತಿಂಗಳು, ಅದೂ ಮಳೆಯ ತಿಂಗಳು, ನೋಡಿರಿ. ರಾತ್ರಿ ಎಂಟರ ವೇಳೆಗೆ ಮಗನಿಗೆ ವಿಡಿಯೋ ಕರೆ ಮಾಡಿ, ಅವನ ಮುಖ ನಿಮಗೆ ಕಾಣುವುದಕ್ಕಿಂತ ನಿಮ್ಮ ಮುಖ ಅವನಿಗೆ ತಡೆಯಿಲ್ಲದೆ ಕಾಣುತ್ತಿದೆಯೇ ಎಂದು ಕೇಳಿರಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಮನೆಯೊಳಗೆ ಬರುವ ವೇಗ. ಮನೆಯಿಂದ ಕೆಲಸ ಮಾಡುವವನಿಗೆ ಹೊರಗೆ ಹೋಗುವ ವೇಗವೂ ಅಷ್ಟೇ ಮುಖ್ಯ.