ಅಂಗಳದ ಮಳೆಮಾಪಕ, ಜಾಲತಾಣದ ಲೆಕ್ಕ

ದಕ್ಷಿಣ ಕನ್ನಡದ ಅನೇಕ ಅಡಿಕೆ ಕೃಷಿಕರು ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ, ಎಷ್ಟು ಮಿಲಿಮೀಟರ್ ಮಳೆಯಾಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ದಶಕಗಳ ಲೆಕ್ಕವನ್ನು ಕಾಪಾಡಿಕೊಂಡ ಮನೆಗಳೂ ಇವೆ. ಮಾಪಕವೂ ಅವರದು, ಪುಸ್ತಕವೂ ಅವರದು. ಹತ್ತು ವರ್ಷ ಹಿಂದಿನ ಆಷಾಢ ಹೇಗಿತ್ತೆಂದು ತಿಳಿಯಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ನಮ್ಮ ಬಳಗದ ಜಾಲತಾಣಕ್ಕೂ ಇಂಥದೊಂದು ಮಾಪಕ ಬೇಕೆಂಬ ಮಾತು ಈಚೆಗೆ ಬಂದಿದೆ. ಎಷ್ಟು ಮಂದಿ ಓದುತ್ತಾರೆ, ಯಾವ ಬರಹಕ್ಕೆ ಹೆಚ್ಚು ಓದುಗರಿದ್ದಾರೆ ಎಂಬುದು ತಿಳಿದರೆ ಮುಂದಿನ ಕೆಲಸಕ್ಕೆ ಅನುಕೂಲವೇ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಗೂಗಲ್ ಅನಾಲಿಟಿಕ್ಸ್ ಉಚಿತವಾಗಿ ಸಿಗುವುದರಿಂದ ಅದನ್ನೇ ಅಳವಡಿಸೋಣವೆಂಬ ಸಲಹೆಯನ್ನು ನಾನು ಒಪ್ಪಲಾರೆ.

ಅದು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ. ನಮ್ಮ ಪುಟದಲ್ಲಿ ಆ ಕಂಪೆನಿಯ ಒಂದು ಸಣ್ಣ ಸಂಕೇತವನ್ನು ಸೇರಿಸಬೇಕಾಗುತ್ತದೆ. ಓದುಗರು ಪುಟವನ್ನು ತೆರೆದೊಡನೆ ಅವರ ಮೊಬೈಲು ಅವರಿಗರಿವಿಲ್ಲದೆ ಕಂಪೆನಿಯ ಸರ್ವರನ್ನು ಸಂಪರ್ಕಿಸುತ್ತದೆ. ಯಾವ ಪುಟ, ಯಾವ ಉಪಕರಣ, ಎಲ್ಲಿಂದ ಬಂದರು ಎಂಬ ವಿವರಗಳು ಅಲ್ಲಿಗೆ ತಲುಪುತ್ತವೆ. ಐಪಿ ವಿಳಾಸವನ್ನು ಉಳಿಸಿಕೊಳ್ಳುವುದಿಲ್ಲವೆಂದು ಕಂಪೆನಿ ಹೇಳುತ್ತದೆ. ಆ ಮಾತನ್ನು ಪರೀಕ್ಷಿಸಿ ನೋಡುವ ದಾರಿ ಮಾತ್ರ ನಮಗಿಲ್ಲ. ಜಾಹೀರಾತೇ ಆ ಕಂಪೆನಿಯ ಮುಖ್ಯ ಆದಾಯವೆಂಬುದನ್ನೂ ಮರೆಯಲಾಗದು.

ನಮ್ಮ ಓದುಗರು ಯಾರು? ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಳ್ಳುತ್ತಿರುವ ಕೃಷಿಕರು, ಎತ್ತಿನಹೊಳೆ ಯೋಜನೆಯ ವಿರುದ್ಧದ ಬರಹಗಳನ್ನು ಹುಡುಕುವ ವಿದ್ಯಾರ್ಥಿಗಳು, 2006ರ ಅರಣ್ಯ ಹಕ್ಕು ಕಾಯ್ದೆ ತಮಗೇನು ಕೊಡುತ್ತದೆಂದು ತಿಳಿಯಬಯಸುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಮಲೆಕುಡಿಯ ಕುಟುಂಬಗಳು. ಇವರು ಏನನ್ನು ಓದಿದರೆಂಬುದು ಮೂರನೆಯವರ ಕಡತ ಸೇರಬೇಕಾದ ವಿಷಯವಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಇನ್ನೊಂದು ಸಂಗತಿ, ಬೀಜವನ್ನು ಬಲ್ಲ ನಮಗೆ ಸುಲಭವಾಗಿ ಅರ್ಥವಾಗುವಂಥದು. ಗೂಗಲ್ ತನ್ನ ಎಣಿಕೆಯ ಹಳೆಯ ಪದ್ಧತಿಯನ್ನು 2023ರ ಜುಲೈ 1ರಂದು ಸಾಮಾನ್ಯ ಬಳಕೆದಾರರಿಗೆ ನಿಲ್ಲಿಸಿತು. ಮರುವರ್ಷದ ಜುಲೈಯಿಂದ ಹಳೆಯ ದಾಖಲೆಗಳೂ ಕೈತಪ್ಪಿದವು. ಮೊದಲೇ ಇಳಿಸಿಕೊಳ್ಳದವರ ವರ್ಷಗಳ ಲೆಕ್ಕ ಹೋಯಿತು. ಹೈಬ್ರಿಡ್ ಬೀಜಕ್ಕಾಗಿ ಪ್ರತಿವರ್ಷವೂ ಅಂಗಡಿಯ ಮುಂದೆ ನಿಲ್ಲುವ ರೈತನ ಪಾಡೇ ಇದು.

ಹಾಗಾದರೆ ದಾರಿಯೇನು? ಮಟೋಮೊ ಎಂಬ ಮುಕ್ತ ತಂತ್ರಾಂಶವಿದೆ. 2007ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಆರಂಭವಾಗಿ, 2018ರಲ್ಲಿ ಈ ಹೆಸರನ್ನು ಪಡೆಯಿತು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಧಾರಣ ಬಾಡಿಗೆ ಸರ್ವರಿನಲ್ಲಿಯೂ ನಡೆಯುತ್ತದೆ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಕುಕಿಗಳನ್ನು ನಿಲ್ಲಿಸಬಹುದು, ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಬಹುದು, ನಿಗದಿತ ಅವಧಿಯ ನಂತರ ಬಿಡಿ ದಾಖಲೆಗಳನ್ನು ತೆಗೆದುಹಾಕಿ ಒಟ್ಟು ಲೆಕ್ಕವನ್ನು ಮಾತ್ರ ಉಳಿಸಿಕೊಳ್ಳಬಹುದು. ಇನ್ನೂ ಹಗುರವಾದದ್ದು ಬೇಕಿದ್ದರೆ ಉಮಾಮಿ ಇದೆ. ಸರ್ವರಿನ ದಿನಚರಿಯನ್ನೇ ಓದಿ ಲೆಕ್ಕ ಹೇಳುವ ಗೋಆಕ್ಸೆಸ್ ಕೂಡ ಇದೆ. ಅದಕ್ಕೆ ಪುಟದಲ್ಲಿ ಯಾವ ಸಂಕೇತವೂ ಬೇಕಿಲ್ಲ. ಆದರೆ ಅದರಲ್ಲಿ ಮನುಷ್ಯರೊಡನೆ ಯಂತ್ರಗಳ ಭೇಟಿಯೂ ಸೇರಿ ಸಂಖ್ಯೆ ಉಬ್ಬುತ್ತದೆ.

ನಮ್ಮ ನೆಲದಲ್ಲಿಯೇ ಒಂದು ನಿದರ್ಶನವಿದೆ. ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಲೋಕಾರ್ಪಣೆಗೊಂಡಿತು. ಅದರ ಓದುಗರ ಎಣಿಕೆಯನ್ನು ವಿಕಿಮೀಡಿಯ ಪ್ರತಿಷ್ಠಾನ ತನ್ನ ಸರ್ವರುಗಳಲ್ಲಿಯೇ ಮಾಡುತ್ತದೆ. ಯಾವ ಲೇಖನವನ್ನು ಎಷ್ಟು ಸಲ ತೆರೆಯಲಾಯಿತೆಂಬುದನ್ನು ಯಾರು ಬೇಕಾದರೂ ನೋಡಬಹುದು. ಯಾರು ತೆರೆದರೆಂಬುದು ಮಾತ್ರ ಅಲ್ಲಿ ಕಾಣಿಸುವುದಿಲ್ಲ. ಲೆಕ್ಕವೂ ಸಿಕ್ಕಿತು, ಓದುಗರ ಮರ್ಯಾದೆಯೂ ಉಳಿಯಿತು.

ಕಷ್ಟವಿಲ್ಲವೆಂದು ನಾನು ಹೇಳುವುದಿಲ್ಲ. ಗಾಳಿಮಳೆಗೆ ಮೂರು ದಿನ ಕರೆಂಟು ಹೋಗುವ ನಮ್ಮೂರಿನಲ್ಲಿ ಮನೆಯ ಗಣಕಯಂತ್ರದಲ್ಲಿ ಇದನ್ನು ನಡೆಸಲಾಗದು. ಸರ್ವರಿನ ಜಾಗವನ್ನು ಬಾಡಿಗೆಗೆ ಪಡೆಯಬೇಕು, ಕೀಲಿಕೈ ನಮ್ಮಲ್ಲಿರಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಅಳವಡಿಸಬೇಕು, ಪ್ರತಿಯನ್ನು ಬೇರೆಡೆ ಕಾದಿಡಬೇಕು. ವರ್ಷಗಟ್ಟಲೆ ನೋಡದೆ ಬಿಟ್ಟ ತಂತ್ರಾಂಶ ಮುರಿದ ಬೇಲಿಯಿದ್ದಂತೆ. ಹಂದಿ ನುಗ್ಗಿದ ಮೇಲೆಯೇ ನಮಗೆ ತಿಳಿಯುವುದು. ನೋಡಿಕೊಳ್ಳುವವರು ಇಲ್ಲವಾದರೆ ಎಣಿಕೆಯೇ ಬೇಡ. ಎಣಿಸದ ಜಾಲತಾಣದಿಂದ ಯಾರಿಗೂ ಹಾನಿಯಿಲ್ಲ.

ಆದುದರಿಂದ ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳೋಣ. ನಮಗೆ ನಿಜವಾಗಿ ಬೇಕಾದ ಸಂಖ್ಯೆಗಳು ಯಾವುವು? ಬಿಡಿ ದಾಖಲೆ ಎಷ್ಟು ತಿಂಗಳು ಇರಬೇಕು? ತಿಂಗಳಿಗೊಮ್ಮೆ ಕುಳಿತು ಇದನ್ನು ನೋಡಿಕೊಳ್ಳುವ ಇಬ್ಬರು ಯಾರು? ಗಣಕವಿಜ್ಞಾನ ಓದುತ್ತಿರುವ ಉಜಿರೆ, ಮೂಡುಬಿದಿರೆಯ ವಿದ್ಯಾರ್ಥಿಗಳು ಮುಂದೆ ಬಂದರೆ ಬಾಡಿಗೆಯ ಮೊದಲ ವರ್ಷದ ವೆಚ್ಚದಲ್ಲಿ ನನ್ನ ಪಾಲನ್ನು ಕೊಡಲು ಸಿದ್ಧನಿದ್ದೇನೆ.