ಅವುಗಳ ಮನೆಗೂ ಒಂದು ಹೊಸ್ತಿಲಿದೆ



ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳು ಇಂದು ಬ್ರಿಟನ್ನಿನಲ್ಲಿ ಸಂಸಾರ ಹೂಡಿದ್ದಾರೆ. ನಿಮ್ಮ ಮಗಳೋ ತಂಗಿಯೋ ಅಲ್ಲಿದ್ದರೆ, ರಾತ್ರಿ ಹೊತ್ತು ಹಿತ್ತಲಿನ ಹುಲ್ಲು ಕೆದಕಿ ಹೋಗುವ ಒಂದು ಪ್ರಾಣಿಯ ಸುದ್ದಿಯನ್ನು ಫೋನಿನಲ್ಲಿ ಹೇಳಿರಬಹುದು. ಬಿಳಿ ಮುಖದ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಬಣ್ಣದ ಮೈ, ಗಿಡ್ಡ ಕಾಲು, ಬಲವಾದ ಉಗುರು. ಅದರ ಹೆಸರು ಬ್ಯಾಡ್ಜರ್. ಬೇಸಿಗೆ ರಜೆ ಬಂತೆಂದರೆ ಅಲ್ಲಿನ ಮಕ್ಕಳು "ಉಮ್ಮಾ, ನಾವೂ ಅದನ್ನು ನೋಡಬೇಕು" ಎಂದು ಹಟ ಹಿಡಿಯುತ್ತಾರೆ.

ನೋಡುವ ಆಸೆ ಒಳ್ಳೆಯದೇ. ಒಂಟೆಯನ್ನು ಹೇಗೆ ಸೃಷ್ಟಿಸಲಾಗಿದೆ ಎಂದು ನೋಡಲು ಪವಿತ್ರ ಕುರ್‌ಆನ್ ನಮ್ಮನ್ನು ಕರೆಯುತ್ತದೆ. ಜೇನುನೊಣ, ಇರುವೆ, ಜೇಡಗಳ ಹೆಸರಿನಲ್ಲಿ ಅಧ್ಯಾಯಗಳೇ ಇವೆ. ಆದರೆ ನೋಟಕ್ಕೂ ಒಂದು ಅದಬ್ ಇದೆ. ಇತರರ ಮನೆಯನ್ನು ಅನುಮತಿ ಕೇಳದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ಬಾಗಿಲ ಸಂದಿನಿಂದ ಒಳಗೆ ಇಣುಕುವುದನ್ನು ಪ್ರವಾದಿ(ಸ) ಕಠಿಣವಾಗಿ ವಿರೋಧಿಸಿದ್ದಾರೆ. ಹಾಗಾದರೆ ಅನುಮತಿ ಕೊಡಲು ಬಾಯಿಲ್ಲದ ಜೀವಿಯ ಮನೆಯ ಮುಂದೆ ನಾವು ಹೇಗೆ ನಿಲ್ಲಬೇಕು? ಇಂದು ಈ ಬಗ್ಗೆ ಸ್ವಲ್ಪ ಯೋಚಿಸೋಣ.

ಬ್ಯಾಡ್ಜರ್ ಒಂಟಿ ಪ್ರಾಣಿಯಲ್ಲ. ನಾಲ್ಕಾರು ಸದಸ್ಯರ ಒಂದು ಕುಟುಂಬವಾಗಿ ನೆಲದೊಳಗೆ ಬಿಲ ತೋಡಿ ಬಾಳುತ್ತದೆ. ಒಂದೇ ಬಿಲಕ್ಕೆ ಹಲವು ಬಾಗಿಲು, ಒಳಗೆ ಸುರಂಗಗಳು, ಮಲಗುವ ಕೋಣೆಗಳು. ನೂರು ವರ್ಷಕ್ಕೂ ಮಿಕ್ಕಿ ತಲೆಮಾರಿನಿಂದ ತಲೆಮಾರಿಗೆ ಬಳಕೆಯಾದ ಬಿಲಗಳೂ ಇವೆ. ಅದರ ಶುಚಿತ್ವವನ್ನು ಕೇಳಿದರೆ ಗೃಹಿಣಿಯರಾದ ನಿಮಗೆ ಅಚ್ಚರಿಯಾದೀತು. ಒಣಹುಲ್ಲು, ಎಲೆಗಳನ್ನು ಎದೆಗೆ ಅವಚಿಕೊಂಡು ಹಿಂದೆ ಹಿಂದೆ ಸರಿಯುತ್ತಾ ಒಳಗೆ ಒಯ್ದು ಹಾಸಿಗೆ ಮಾಡುತ್ತದೆ, ಹಳೆಯ ಹಾಸನ್ನು ಹೊರಗೆ ಹಾಕುತ್ತದೆ. ಮಲವಿಸರ್ಜನೆಗೆ ಹೊರಗೆ ಪ್ರತ್ಯೇಕ ಗುಂಡಿಗಳನ್ನು ತೋಡಿಕೊಳ್ಳುತ್ತದೆ. ಮರಿಗಳು ಹೆಚ್ಚಾಗಿ ಫೆಬ್ರವರಿಯಲ್ಲಿ ಹುಟ್ಟುತ್ತವೆ. ಸುಮಾರು ಎಂಟು ವಾರ ನೆಲದೊಳಗೇ ಇದ್ದು, ಎಪ್ರಿಲ್ ಹೊತ್ತಿಗೆ ತಾಯಿಯ ಜೊತೆ ಮೊದಲ ಸಲ ಹೊರಗೆ ತಲೆ ಹಾಕುತ್ತವೆ.

ಇಂಥ ಪ್ರಾಣಿಯ ಮೇಲೆ ಮನುಷ್ಯ ನಡೆಸಿದ ಕ್ರೌರ್ಯ ಸಣ್ಣದಲ್ಲ. ಬಿಲದಿಂದ ಎಳೆದು ತಂದು ನಾಯಿಗಳನ್ನು ಛೂ ಬಿಟ್ಟು ಕಾದಾಡಿಸುವುದು ಅಲ್ಲಿ ಒಂದು ಮೋಜಾಗಿತ್ತು. 1835ರಲ್ಲಿ ಕಾನೂನು ಅದನ್ನು ನಿಷೇಧಿಸಿತು. ಆದರೂ ಕದ್ದುಮುಚ್ಚಿ ನಡೆಸುವವರು ಇಂದಿಗೂ ಇದ್ದಾರೆ. 1992ರ ಬ್ಯಾಡ್ಜರ್ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಂಸಿಸುವುದು ಮಾತ್ರವಲ್ಲ, ಬಿಲವನ್ನು ಕೆಡಿಸುವುದು, ಬಾಗಿಲು ಮುಚ್ಚುವುದು, ಒಳಗಿರುವಾಗ ತೊಂದರೆ ಕೊಡುವುದು ಎಲ್ಲವೂ ಅಪರಾಧ. ಇಂಗ್ಲೆಂಡಿನಲ್ಲಿ 6 ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಇನ್ನೊಂದೆಡೆ, ದನಗಳಿಗೆ ಕ್ಷಯರೋಗ ಹರಡುತ್ತದೆಂಬ ಕಾರಣಕ್ಕೆ 2013ರಿಂದ ಇಂಗ್ಲೆಂಡಿನಲ್ಲಿ ಸರಕಾರದ ಪರವಾನಗಿಯಿಂದಲೇ 2 ಲಕ್ಷಕ್ಕೂ ಹೆಚ್ಚು ಬ್ಯಾಡ್ಜರ್‌ಗಳನ್ನು ಕೊಲ್ಲಲಾಗಿದೆ. ದನ ಕಳಕೊಂಡ ರೈತರ ಕಷ್ಟವೂ ಸುಳ್ಳಲ್ಲ. ಆದರೆ ಇಷ್ಟೆಲ್ಲ ಭಯದ ನಡುವೆ ಬದುಕುವ ಜೀವಿಗೆ, ಪ್ರೀತಿಯಿಂದ ನೋಡಲು ಹೋದ ನಾವು ಇನ್ನೊಂದು ಭಯವಾಗಬಾರದಲ್ಲವೇ?

ಈಗ ನೋಡುವ ಕ್ರಮಕ್ಕೆ ಬರೋಣ.

ಮೊದಲನೆಯದು ಅನುಮತಿ. ಅಲ್ಲಿನ ಕಾಡು, ಹೊಲಗಳು ಹೆಚ್ಚಾಗಿ ಖಾಸಗಿಯವರದ್ದು. ಜಾಗದ ಮಾಲಕರನ್ನು ಕೇಳಿಯೇ ಹೋಗಬೇಕು. ಊರೂರಿನಲ್ಲಿ ಬ್ಯಾಡ್ಜರ್ ಸಂರಕ್ಷಣೆಯ ಸ್ಥಳೀಯ ಗುಂಪುಗಳಿವೆ. ಅವರ ಜೊತೆ ಹೋಗುವುದು ಎಲ್ಲಕ್ಕಿಂತ ಕ್ಷೇಮ. ಹೆಂಗಸರು, ಮಕ್ಕಳು ಮನೆಯ ಗಂಡಸರ ಜೊತೆಯಲ್ಲೇ ಹೋಗಲಿ.

ಎರಡನೆಯದು ಹೊತ್ತು. ಮೇಯಿಂದ ಜುಲೈವರೆಗೆ ಒಳ್ಳೆಯ ಕಾಲ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೋಗಿ ಕುಳಿತುಬಿಡಬೇಕು. ಅದು ಹೊರಬಂದ ಮೇಲೆ ನಡೆದುಕೊಂಡು ಹೋದರೆ ಹೆಜ್ಜೆ ಸಪ್ಪಳಕ್ಕೇ ಒಳಗೆ ಸೇರಿಬಿಡುತ್ತದೆ. ಜೂನ್‌ನಲ್ಲಿ ಲಂಡನ್ನಿನ ಕಡೆ ಮಗ್ರಿಬ್ ಆಗುವುದು ರಾತ್ರಿ 9.20ರ ಸುಮಾರಿಗೆ. ವುಝೂ ಮಾಡಿಕೊಂಡೇ ಹೋಗಿ. ಅಲ್ಲಿ ಸಂಜೆಗೆಂಪು ಬಹಳ ಹೊತ್ತು ಇರುವುದರಿಂದ, ಅವು ಮೇಯಲು ಹೊರಟುಹೋದ ಮೇಲೆ ಸಮಯ ಮೀರದಂತೆ ನಮಾಝ್ ನಿರ್ವಹಿಸಬಹುದು. ಪ್ರಾಣಿಯನ್ನು ನೋಡುತ್ತಾ ಅದನ್ನು ಸೃಷ್ಟಿಸಿದವನನ್ನು ಮರೆಯಬಾರದಷ್ಟೇ.

ಮೂರನೆಯದು ಗಾಳಿ. ಬ್ಯಾಡ್ಜರ್‌ಗೆ ಕಣ್ಣು ಮಂದ, ಆದರೆ ಮೂಗು ಬಹಳ ಚುರುಕು. ಬಿಲದ ಕಡೆಯಿಂದ ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಕುಳಿತುಕೊಳ್ಳಬೇಕು. ಆ ದಿನ ಅತ್ತರು, ಸೆಂಟು ಬೇಡ. ಸರಬರ ಸದ್ದು ಮಾಡದ, ಗಾಢ ಬಣ್ಣದ ಬಟ್ಟೆ ಇರಲಿ. ಬೆನ್ನಿಗೆ ಒಂದು ಮರವಿದ್ದರೆ ನಮ್ಮ ಆಕಾರ ಎದ್ದು ಕಾಣುವುದಿಲ್ಲ. ಬಿಲದ ಮೇಲೆ, ಅವು ನಡೆದಾಡುವ ದಾರಿಯ ಮೇಲೆ ಕಾಲಿಡಲೇಬಾರದು.

ನಾಲ್ಕನೆಯದು ಮೌನ. ಮಾತು, ಕೆಮ್ಮು, ಮೊಬೈಲಿನ ಬೆಳಕು ಯಾವುದೂ ಬೇಡ. ಬೆಳಕು ಬೇಕೇ ಬೇಕೆಂದರೆ ಮಂದವಾದ ಕೆಂಪು ಬೆಳಕು ಸಾಕು. ಸುಮ್ಮನಿರಲು ಆಗದ ಚಿಕ್ಕ ಮಕ್ಕಳನ್ನು ಇನ್ನೂ ಒಂದೆರಡು ವರ್ಷ ಕಾಯಿಸುವುದೇ ಲೇಸು. ಅವು ಮೇಯಲು ದೂರ ಹೋದ ಮೇಲಷ್ಟೇ ಏಳಬೇಕು. ಮರುದಿನವೂ ಅಲ್ಲಿಗೇ ಓಡಬಾರದು.

ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಲೆಕ್ಕ ಸರಳ. ಅದರ ಮುಖ್ಯ ಆಹಾರ ಎರೆಹುಳು, ಒಂದು ರಾತ್ರಿಗೆ ನೂರಾರು ಬೇಕು. ಜೂನ್‌ನಲ್ಲಿ ಲಂಡನ್ನಿನಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯಕ್ಕೆ ಏಳೂವರೆ ಗಂಟೆಯೂ ಇಲ್ಲ. ಮಳೆ ಇಲ್ಲದಿದ್ದರೆ ಹುಳುಗಳು ಆಳಕ್ಕೆ ಇಳಿದಿರುತ್ತವೆ. ನಮ್ಮ ಒಂದು ಟಾರ್ಚಿಗೆ ಹೆದರಿ ತಾಯಿ ಎರಡು ಗಂಟೆ ಬಿಲದೊಳಗೆ ಅಡಗಿ ಕುಳಿತರೆ, ಆ ರಾತ್ರಿಯ ಊಟದ ದೊಡ್ಡ ಪಾಲು ಹೋಯಿತು. ಹಾಲು ಕುಡಿಯುವ ಮರಿಗಳಿದ್ದರೆ ಅವುಗಳ ಪಾಲೂ ಹೋಯಿತು. ನಮಗೆ ಸಿಕ್ಕಿದ್ದು ಅರ್ಧ ನಿಮಿಷದ ಒಂದು ವೀಡಿಯೋ!

ಒಂದು ಪ್ರಯಾಣದಲ್ಲಿ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿ(ಸ) ಅದನ್ನು ಕಂಡು, ಮರಿಗಳ ಮೂಲಕ ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸಲು ಹೇಳಿದರು. ಬಿಲಗಳಲ್ಲಿ ಮೂತ್ರ ಮಾಡಬಾರದೆಂಬ ಹದೀಸ್ ಕೂಡ ಅಬೂದಾವೂದ್‌ನಲ್ಲಿದೆ. ಒಳಗಿರುವ ಜೀವಿಗಳಿಗೆ ತೊಂದರೆಯಾಗುತ್ತದೆ ಎಂಬುದನ್ನೂ ವಿದ್ವಾಂಸರು ಅದರ ಕಾರಣಗಳಲ್ಲಿ ಒಂದಾಗಿ ವಿವರಿಸಿದ್ದಾರೆ. ಬಿಲವೊಂದು ಬರೀ ತೂತಲ್ಲ, ಯಾರದೋ ಮನೆ ಎಂಬ ಅರಿವು ನಮ್ಮ ದೀನ್‌ನಲ್ಲಿದೆ.

ಕಾಡಿಗೆ ಹೋಗಲಾಗದವರು ಮನೆಯಲ್ಲೇ ನೋಡಬಹುದು. ಅಡುಗೆಮನೆಯ ದೀಪ ಆರಿಸಿ ಕಿಟಕಿಯ ಹಿಂದೆ ಕುಳಿತರಾಯಿತು. ಬೇಸಿಗೆಯಲ್ಲಿ ಒಂದು ತಟ್ಟೆ ನೀರು ಇಡಿ. ಬೇಕಿದ್ದರೆ ಉಪ್ಪಿಲ್ಲದ ನೆಲಗಡಲೆ ಒಂದು ಹಿಡಿ, ಅದಕ್ಕಿಂತ ಹೆಚ್ಚು ಬೇಡ. ನಮ್ಮನ್ನೇ ನಂಬಿ ಬದುಕುವ ಅಭ್ಯಾಸ ಅದಕ್ಕೆ ಆಗಬಾರದು. ಬಿಲ ಎಲ್ಲಿದೆ ಎಂಬುದನ್ನು ಮಾತ್ರ ಊರಿಗೆಲ್ಲ ಸಾರಬೇಡಿ. ಕೆಟ್ಟವರ ಕಿವಿಗೂ ಅದು ಬಿದ್ದೀತು.

ಅದರ ದೂರದ ನೆಂಟ ನಮ್ಮ ಕರ್ನಾಟಕದಲ್ಲೂ ಇದೆ. ಅದೇ ತರಕರಡಿ. ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಅದಕ್ಕಿದೆ. ಕಾವೇರಿ ವನ್ಯಜೀವಿಧಾಮದಲ್ಲಿ ಸಂಶೋಧಕರು ಸಿಕ್ಕಿಸಿದ್ದ ಸ್ವಯಂಚಾಲಿತ ಕ್ಯಾಮರಾಗಳಲ್ಲಿ ಅದರ ಚಿತ್ರ ಸಿಕ್ಕಿತು. ಆ ವರದಿ 2014ರಲ್ಲಿ ಪ್ರಕಟವಾಯಿತು. ಅಟ್ಟಿಸಿಕೊಂಡು ಹೋಗಿ ತೆಗೆದ ಚಿತ್ರಗಳಲ್ಲ ಅವು. ಕ್ಯಾಮರಾ ಅಲ್ಲೇ ಇತ್ತು, ಪ್ರಾಣಿ ತನ್ನ ದಾರಿಯಲ್ಲಿ ತಾನು ಹೋಯಿತು.

ನಾವು ನೀವು ತರಕರಡಿಯನ್ನು ನೋಡುವುದು ಅಪರೂಪ. ಆದರೆ ಅಂಗಳದ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿರುತ್ತದೆ. ಕಟ್ಟಿಗೆ ರಾಶಿಯಲ್ಲಿ ಬೆಕ್ಕು ಮರಿ ಹಾಕಿರುತ್ತದೆ. ಮಕ್ಕಳು ಕೊಂಬೆ ಬಗ್ಗಿಸಿ ಮೊಬೈಲ್ ಹಿಡಿಯುವಾಗ ಒಮ್ಮೆ ಅವರ ಕೈ ಹಿಡಿದು ಹಿಂದಕ್ಕೆ ಕರೆದುಕೊಳ್ಳಿ. "ಇಲ್ಲಿಂದಲೇ ನೋಡು ಮಗಾ, ಅದು ಅವುಗಳ ಮನೆ" ಎಂದು ಹೇಳಿ. ಇಂದು ಹಕ್ಕಿಯ ಗೂಡಿನ ಮುಂದೆ ನಿಲ್ಲಲು ಕಲಿತ ಮಗು, ನಾಳೆ ನೆರೆಮನೆಯ ಬಾಗಿಲಲ್ಲೂ ನಿಲ್ಲಲು ಕಲಿಯುತ್ತದೆ.

ತನ್ನ ಸೃಷ್ಟಿಗಳನ್ನು ನೋಯಿಸದೆ ನೋಡುವ ಕಣ್ಣನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.